ಬುತ್ತಿ ಬಂದೈತಿ

ತಾನು ಅಲ್ಲಿ ಇಲ್ಲದ ದಿನವೂ ನಡೆದರೆ ಮಾತ್ರ ಒಂದು ಪ್ರಾಜೆಕ್ಟು ಮುಗಿಯಿತು ಎಂದು ನನ್ನ ತಂಗಿ ಒಪ್ಪುತ್ತಿದ್ದಳು. ಸಿಂದಗಿಯ ಡಿಗ್ರಿ ಕಾಲೇಜೊಂದರಲ್ಲಿ ಅವಳು ಬಿಸಿಎ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಿದ್ದಳು. ಪ್ರತಿ ವರ್ಷ ಕೊನೆಯ ಸೆಮಿಸ್ಟರಿನ ಮಕ್ಕಳು ಏನನ್ನಾದರೂ ಕಟ್ಟಿ ನಿಲ್ಲಿಸಿದ ಮೇಲೆ, ಅದು ನಿಜವಾಗಿ ನಡೆಯುತ್ತದೋ ಇಲ್ಲವೋ ನೋಡಲು ಒಂದು ದಿನ ಗೊತ್ತು ಮಾಡುತ್ತಿದ್ದಳು. ಆ ದಿನ ಬೇಕೆಂದೇ ರಜೆ ಹಾಕಿ ಮನೆಯಲ್ಲಿ ಕೂರುತ್ತಿದ್ದಳು. ಕೂರುತ್ತಿದ್ದಳು ಎಂದರೆ ಸುಳ್ಳಾಗುತ್ತದೆ. ಜೋಳ ಹಸನು ಮಾಡಲು ತೆಗೆದುಕೊಳ್ಳುವಳು, ಅರ್ಧಕ್ಕೆ ಬಿಟ್ಟು ಬಾಗಿಲಿಗೆ ಹೋಗಿ ನಿಲ್ಲುವಳು, ಫೋನು ತಿರುವಿ ಹಾಕಿ ಅದರ ಮೇಲೆ ಮೊರ ಮುಚ್ಚುವಳು.

"ಒಂದ್ ಫೋನ್ ಮಾಡಿ ಕೇಳಬಾರದೇನ ಬೇ? ನಿನ್ನ ನೋಡಿ ನನಗ ತಲಿ ತಿರಗಾಕತ್ತೈತಿ" ಎಂದು ನಾನು ಹೊಲಿಗೆ ಯಂತ್ರದ ಮುಂದಿನಿಂದ ಬೈಯುತ್ತಿದ್ದೆ.

"ನಾ ಕೇಳಿದೆ ಅಂದ್ರ ನಾ ಅಲ್ಲಿ ಇದ್ದಂಗ ಆತಕ್ಕಾ. ನಾ ಇಲ್ಲದ ನಡೀಬೇಕು" ಎನ್ನುತ್ತಿದ್ದಳು.

ಈ ವರ್ಷವೂ ಅವಳು ಒಂದು ದಿನ ಗೊತ್ತು ಮಾಡಿದ್ದಳು. ಆ ಸೋಮವಾರ ಬರುವ ಮೊದಲೇ ತೀರಿಕೊಂಡಳು. ಅವಳು ಕಟ್ಟಿಸಿದ ಕೊನೆಯ ಕೆಲಸ ಅವಳಿಲ್ಲದೆ ನಡೆಯಿತೇ ಇಲ್ಲವೇ ಎಂಬುದನ್ನು ಹೇಳುವುದಕ್ಕೇ ನಾನು ಇದನ್ನು ಬರೆಯುತ್ತಿದ್ದೇನೆ. ನಾನು ಎಸ್ಸೆಸ್ಸೆಲ್ಸಿ ಓದಿದವಳು. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು.

ನಮ್ಮೂರು ಇಂಡಿಯ ಹತ್ತಿರದ ಹಳ್ಳಿ. ಅವ್ವ ಬೇಗ ಹೋದಳು. ನಾನು ಸಾಲಿ ಬಿಟ್ಟು ಹೊಲಿಗೆ ಕಲಿತೆ, ತಂಗಿ ಓದಿದಳು. ಓದಲು ವಿಜಯಪುರದಲ್ಲಿ ರೂಮು ಮಾಡಿಕೊಂಡಿದ್ದಾಗ ನಾನು ದಿನಾ ನಸುಕಿಗೆ ಎದ್ದು ರೊಟ್ಟಿ ಬಡಿದು ಬುತ್ತಿ ಕಟ್ಟಿ ಮೊದಲ ಬಸ್ಸಿಗೆ ಕೊಡುತ್ತಿದ್ದೆ. ನಮ್ಮ ಕಡೆ ಓದುವ ಮಕ್ಕಳೆಲ್ಲ ಹೀಗೇ ಬೆಳೆಯುವುದು. ಅರಿವೆಯಲ್ಲಿ ಕಟ್ಟಿದ ಸ್ಟೀಲಿನ ಡಬ್ಬಿ, ಅದರ ಮೇಲೆ ಹೆಸರು. ಕಂಡಕ್ಟರ್ ತನ್ನ ಸೀಟಿನ ಹತ್ತಿರ ಇಟ್ಟುಕೊಂಡು ಹೋಗಿ ಬಸ್‌ಸ್ಟ್ಯಾಂಡಿನ ಯಾವುದಾದರೂ ಅಂಗಡಿಯ ಮುಂದೆ ಇಳಿಸುತ್ತಾನೆ. ಮಕ್ಕಳು ಬಂದು ತಮ್ಮ ತಮ್ಮ ಗಂಟು ಎತ್ತಿಕೊಂಡು ಹೋಗುತ್ತಾರೆ. ಸಂಜೆ ಬಸ್ಸಿಗೆ ಖಾಲಿ ಡಬ್ಬಿ ಮರಳಿ ಊರಿಗೆ ಬರುತ್ತದೆ.

ಖಾಲಿ ಎಂದೆ, ಆದರೆ ಖಾಲಿ ಡಬ್ಬಿ ಕಳಿಸುವ ಪದ್ಧತಿ ನಮ್ಮಲ್ಲಿ ಇಲ್ಲ. ಯಾರ ಮನೆಯಿಂದ ಏನು ಬಂದರೂ ಡಬ್ಬಿ ಮರಳಿ ಕೊಡುವಾಗ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಬೇಕು. ರೂಮಿನಲ್ಲಿ ಇರುವ ಹುಡುಗಿಗೆ ಸಕ್ಕರೆ ಎಲ್ಲಿಯದು? ಲ್ಯಾಬಿನಲ್ಲಿ ಕತ್ತರಿಸಿ ಉಳಿದ ತಂತಿಯ ತುಂಡುಗಳು ಅವಳಿಗೆ ಸಿಗುತ್ತಿದ್ದವು. ಕಿತ್ತಳೆ, ಹಸಿರು, ನೀಲಿ, ಕಂದು. ಅವನ್ನು ಹೆಣೆದು ಉಂಗುರ ಮಾಡಿ ಡಬ್ಬಿಗೆ ಹಾಕುತ್ತಿದ್ದಳು. ಸಂಜೆ ಡಬ್ಬಿ ಕೈಗೆ ಬಂದ ಕೂಡಲೇ ನಾನು ಅಲ್ಲಾಡಿಸಿ ನೋಡುತ್ತಿದ್ದೆ. ಒಳಗೆ ಕಿಣಿಕಿಣಿ ಎಂದರೆ ಅವಳು ಉಂಡಿದ್ದಾಳೆ, ಚೆನ್ನಾಗಿದ್ದಾಳೆ ಎಂದು ಅರ್ಥ. ಆ ಉಂಗುರಗಳನ್ನು ಒಂದು ಬಿಸ್ಕೀಟಿನ ಡಬ್ಬಿಯಲ್ಲಿ ಕೂಡಿಟ್ಟಿದ್ದೆ. ಅವಳಿಗೆ ಕೆಲಸ ಸಿಕ್ಕು ಇಬ್ಬರೂ ಸಿಂದಗಿಗೆ ಬಂದಾಗ ಅದೂ ನಮ್ಮ ಜೊತೆ ಬಂತು.

ಅವಳು ಕಲಿಸುವ ರೀತಿ ಬೇರೆಯೇ ಇತ್ತು. ಕೊನೆಯ ಸೆಮಿಸ್ಟರಿನಲ್ಲಿ ಮಕ್ಕಳು ಒಂದು ಪ್ರಾಜೆಕ್ಟು ಮಾಡಿ ತೋರಿಸಬೇಕು ಎಂದು ನಿಯಮ. ಬಹಳ ಕಡೆ ಏನಾಗುತ್ತದೆ ಎಂದರೆ, ದೊಡ್ಡ ಊರಿನ ಝೆರಾಕ್ಸ್ ಅಂಗಡಿಗಳಲ್ಲಿ ತಯಾರು ಪ್ರಾಜೆಕ್ಟು ಸಿಗುತ್ತದೆ. ಬಂಗಾರದ ಅಕ್ಷರದ ರಟ್ಟು ಹಾಕಿಸಿ, ಒಳಗೆ ಒಂದು ಸೀಡಿ ಇಟ್ಟು ಕೊಡುತ್ತಾರೆ. ಹೆಸರು ಬದಲಿಸಿದರೆ ಆಯಿತು. ನನ್ನ ತಂಗಿ ಅದನ್ನು ಮುಟ್ಟಲು ಬಿಡುತ್ತಿರಲಿಲ್ಲ. "ಮದವಿಗೆ ಬಾಡಗಿ ಕೋಟ್ ಹಾಕ್ಕೊಂಡಂಗ ಆತಲ್ಲೋ. ನಾಳೆ ಬಿಚ್ಚಿ ಕೊಟ್ಟಮ್ಯಾಲ ನಿನ್ನ ಮೈಮ್ಯಾಗ ಏನ ಉಳೀತು?" ಎಂದು ಒಬ್ಬ ಹುಡುಗನನ್ನು ನಮ್ಮ ಮನೆಯ ಕಟ್ಟೆಯ ಮೇಲೆ ಕೂರಿಸಿಕೊಂಡು ಕೇಳಿದ್ದು ನನಗೆ ನೆನಪಿದೆ.

ಅವಳ ಮಕ್ಕಳು ಊರಿನೊಳಗೇ ಒಂದು ತೊಂದರೆ ಹುಡುಕಬೇಕು, ಅದಕ್ಕೆ ತಂತಿ ಎಳೆದು, ಪೆಟ್ಟಿಗೆ ಕೂರಿಸಿ, ಏಣಿ ಹತ್ತಿ ಏನಾದರೂ ಮಾಡಬೇಕು. ಒಂದು ವರ್ಷ ಹಾಸ್ಟೆಲಿನ ನೀರಿನ ಟಾಕಿ ತುಂಬಿದರೆ ಕೆಳಗೆ ಗೊತ್ತಾಗುವಂತೆ ಮಾಡಿದರು. ಮಂಗಗಳು ತಂತಿ ಕಿತ್ತುಕೊಂಡು ಹೋದವು. ಪೈಪಿನೊಳಗೆ ಹಾಕಿದರು, ಮಂಗಗಳು ಪೈಪನ್ನೇ ಕಿತ್ತವು. ಇನ್ನೊಬ್ಬರಾಗಿದ್ದರೆ ತಾವೇ ಹೋಗಿ ಸರಿ ಮಾಡುತ್ತಿದ್ದರು. ಅವಳು ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದಳಂತೆ. ಮಕ್ಕಳ ಕೀಬೋರ್ಡನ್ನಾಗಲಿ ಇಕ್ಕಳವನ್ನಾಗಲಿ ಅವಳು ಮುಟ್ಟಿದ್ದನ್ನು ಯಾರೂ ನೋಡಿಲ್ಲ. ನಾನೂ ಒಮ್ಮೆ ಕಾಲೇಜಿಗೆ ಹೋದಾಗ ನೋಡಿದೆ. ಒಬ್ಬ ಹುಡುಗಿ ತಂತಿಯ ತುದಿಗೆ ಪ್ಲಾಸ್ಟಿಕ್ ಮೂತಿ ಕೂರಿಸಲು ಹೆಣಗುತ್ತಿದ್ದಳು, ಬಣ್ಣದ ಎಳೆಗಳು ಹಿಂದು ಮುಂದಾಗುತ್ತಿದ್ದವು. ನನ್ನ ತಂಗಿ ಬೆನ್ನ ಹಿಂದೆ ಬೆರಳುಗಳನ್ನು ಹಿಚುಕಿಕೊಳ್ಳುತ್ತಾ ಸುಮ್ಮನೆ ನಿಂತಿದ್ದಳು. ಅಷ್ಟು ಬಲ್ಲವಳು ಅಷ್ಟು ಸುಮ್ಮನಿರುವುದು ಎಷ್ಟು ಕಷ್ಟ ಎಂದು ನನಗೆ ಅವತ್ತು ತಿಳಿಯಿತು. ಬೇರೆಯವರ ಹೊಲಿಗೆ ಕೆಡುತ್ತಿರುವುದನ್ನು ನೋಡುತ್ತಾ ನಾನಂತೂ ಸುಮ್ಮನಿರಲಾರೆ.

ನೆಟ್‌ವರ್ಕ್ ಎಂದರೆ ಏನು ಎಂದು ಅವಳು ಬುತ್ತಿ ಹಿಡಿದೇ ಕಲಿಸುತ್ತಿದ್ದಳು. ಪಾಠದ ಹಿಂದಿನ ಸಂಜೆ ಮನೆಯಲ್ಲಿ ನನಗೆ ಹೇಳಿ ನೋಡುತ್ತಿದ್ದಳು, ನನಗೆ ತಿಳಿದರೆ ಮಕ್ಕಳಿಗೂ ತಿಳಿಯುತ್ತದೆ ಎಂದು. ಹಾಗಾಗಿ ನನಗೂ ಒಂದಿಷ್ಟು ಗೊತ್ತು. ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹೋಗುವುದೆಲ್ಲ ಸಣ್ಣ ಸಣ್ಣ ಗಂಟುಗಳಾಗಿ ಹೋಗುತ್ತದಂತೆ. ಗಂಟಿನ ಮೇಲೆ ಯಾರಿಗೆ ಎಂದು ಬರೆದಿರುತ್ತದೆ. ಕಂಡಕ್ಟರ್ ಗಂಟು ಬಿಚ್ಚಿ ಪಲ್ಯ ಯಾವುದು ಎಂದು ನೋಡುವುದಿಲ್ಲ, ಮೇಲಿನ ಹೆಸರು ಮಾತ್ರ ನೋಡುತ್ತಾನೆ. ಇಂಗಳೇಶ್ವರದ ಬುತ್ತಿ ಬಾಗೇವಾಡಿಯಲ್ಲಿ ಒಂದು ಬಸ್ಸು, ದೇವರ ಹಿಪ್ಪರಗಿಯಲ್ಲಿ ಇನ್ನೊಂದು ಬಸ್ಸು ಬದಲಿಸಿ ಸಿಂದಗಿಗೆ ಬರುತ್ತದೆ. ಒಂದು ದಾರಿ ಕೆಟ್ಟರೆ ಇನ್ನೊಂದು ದಾರಿಯಿಂದ ಕಳಿಸುತ್ತಾರೆ. ದೊಡ್ಡ ಊಟವಾದರೆ ರೊಟ್ಟಿ ಒಂದು ಬಸ್ಸಿಗೆ, ಪಲ್ಯ ಇನ್ನೊಂದು ಬಸ್ಸಿಗೆ ಬರಬಹುದು. ಉಣ್ಣುವವರು ಎರಡನ್ನೂ ಕೂಡಿಸಿಕೊಂಡು ಉಣ್ಣುತ್ತಾರೆ. ಡಬ್ಬಿ ಮರಳಿ ಬಂದರೆ ಮುಟ್ಟಿತು ಎಂದು ಅವ್ವನಿಗೆ ತಿಳಿಯುತ್ತದೆ. ಬರದಿದ್ದರೆ ಮರುದಿನ ಮತ್ತೆ ಕಟ್ಟುತ್ತಾಳೆ.

"ಇಷ್ಟ ನೋಡಕ್ಕಾ. ಇದಕ್ಕ ದೊಡ್ಡ ದೊಡ್ಡ ಹೆಸರ ಇಟ್ಟಾರ" ಎಂದು ನಗುತ್ತಿದ್ದಳು.

ಈ ವರ್ಷ ಅವಳ ಮುಂದೆ ಬಂದವರು ಮೂವರು ಮಕ್ಕಳು. ಒಬ್ಬಳು ಮುದ್ದೇಬಿಹಾಳದವಳು, ಒಬ್ಬಳು ಇಂಡಿಯವಳು, ಒಬ್ಬ ಬಾಗೇವಾಡಿಯ ಹುಡುಗ. ಅವಳು ಅವರನ್ನು ಊರಿನ ಹೆಸರಿನಿಂದಲೇ ಕರೆಯುತ್ತಿದ್ದಳು, ನಾನೂ ಹಾಗೇ ಕರೆಯುತ್ತೇನೆ. ಏನು ಮಾಡುತ್ತೀರಿ ಎಂದು ಕೇಳಿದಾಗ ಮುದ್ದೇಬಿಹಾಳದ ಹುಡುಗಿ ಹೇಳಿದಳಂತೆ, "ಮೇಡಂ, ದಿನಾ ಬುತ್ತಿ ಬುತ್ತಿ ಅಂತ ಪಾಠಾ ಮಾಡ್ತೀರಿ. ನಮ್ಮ ಬುತ್ತಿ ಖರೇನ ಬಂತೋ ಇಲ್ಲೋ ಗೊತ್ತಾಗಂಗಿಲ್ಲ ನೋಡ್ರಿ. ಬಸ್ಸ್ ತಡಾ ಆಗ್ತೈತಿ, ನಾವು ಕ್ಲಾಸಿನ್ಯಾಗ ಇರ್ತೇವಿ. ಮಧ್ಯಾಹ್ನ ಹೋಗೂದ್ರಾಗ ಪಲ್ಯ ಹಳಸಿರ್ತೈತಿ."

ಅದೇ ಪ್ರಾಜೆಕ್ಟಾಯಿತು. ಬಸ್‌ಸ್ಟ್ಯಾಂಡಿನಲ್ಲಿ ಬುತ್ತಿಗಳು ಇಳಿಯುವುದು ಒಬ್ಬ ಚಾಚಾನ ಪೇಪರ್ ಅಂಗಡಿಯ ಮುಂದೆ. ಅಲ್ಲಿ ಒಂದು ಸಣ್ಣ ಯಂತ್ರ ಇಡುವುದು. ಬುತ್ತಿಗೆ ಗುಂಡಿಯಂಥ ಒಂದು ಬಿಲ್ಲೆ. ಚಾಚಾ ಬಿಲ್ಲೆಯನ್ನು ಯಂತ್ರದ ಹತ್ತಿರ ಹಿಡಿದರೆ ಅದು ಪೀಂ ಎನ್ನಬೇಕು, ಕಾಲೇಜಿನ ಪಡಸಾಲೆಯ ಪರದೆಯ ಮೇಲೆ ಹೆಸರು ಮೂಡಬೇಕು, ಫೋನಿಗೂ ಒಂದು ಸಂದೇಶ ಹೋಗಬೇಕು. ಫೋನಿಗೆ ಸಂದೇಶ ಕಳಿಸುವುದಷ್ಟೇ ಸಾಕಲ್ಲವೇ ಎಂದು ಬಾಗೇವಾಡಿ ಹುಡುಗ ಕೇಳಿದ್ದ. "ಹೋಗೂ ಗಾಡಿ ಹತ್ತಿ ಕೂಡೂದು ಎಲ್ಲಾರಿಗೂ ಬರ್ತೈತಿ. ದಾರಿ ಕಟ್ಟೂದು ಕಲಿ" ಎಂದು ಅವಳು ಅಂಗಡಿಯ ಮೇಲೊಂದು, ಕಾಲೇಜಿನ ಮಾಳಿಗೆಯ ಮೇಲೊಂದು ಆಂಟೆನಾ ಕೂರಿಸಲು ಹಚ್ಚಿದಳು. ನಡುವೆ ಒಂದು ಬೇವಿನ ಮರ ಅಡ್ಡ ಬರುತ್ತಿತ್ತು. ಮರ ಕಡಿಯುವ ಮಾತು ಬಂದಾಗ ಅವಳು ಅವರನ್ನು ಮತ್ತೆ ಏಣಿ ಹತ್ತಿಸಿ ಬೇರೆ ಮೂಲೆ ಹುಡುಕಿಸಿದಳು.

ಚಾಚಾ ಮೊದಮೊದಲು ಚೇಷ್ಟೆ ಮಾಡುತ್ತಿದ್ದ. "ಮೇಡಂ, ನನ್ನ ಕಣ್ಣ ಇನ್ನೂ ಚೊಲೋ ಅದಾವ್ರಿ. ಯಾರ ಗಂಟ ಯಾರದು ಅಂತ ವಾಸನಿ ಮ್ಯಾಲ ಹೇಳ್ತೇನಿ. ಮಶಿನ್ ಯಾಕ?"

"ನಿಮ್ಮ ಕಣ್ಣ ಕಾಲೇಜಿನ ತನಕಾ ಕಾಣ್ತಾವೇನ್ರಿ ಚಾಚಾ?"

"ಅಷ್ಟ ಕಂಡಿದ್ರ ನಾನಽ ಪ್ರಿನ್ಸಿಪಾಲ ಆಗ್ತಿದ್ದಿಲ್ಲೇನ್ರಿ!"

ಬಿಲ್ಲೆಯನ್ನು ಮಕ್ಕಳು ಡಬ್ಬಿಯ ತಳಕ್ಕೆ ಅಂಟಿಸಿದರು. ಮೊದಲ ವಾರ ಎಲ್ಲ ಚೆನ್ನಾಗಿ ನಡೆಯಿತು. ಆಮೇಲೆ ಗೊಂದಲ ಶುರುವಾಯಿತು. ಇಂಡಿ ಹುಡುಗಿಯ ಹೆಸರು ಪರದೆಯ ಮೇಲೆ ಬಂತು, ಓಡಿ ಹೋಗಿ ನೋಡಿದರೆ ಬುತ್ತಿ ಅವಳ ಪಕ್ಕದ ಮನೆಯ ಹುಡುಗನದು. ಬಾಗೇವಾಡಿ ಹುಡುಗನಿಗೆ ಸಂದೇಶ ಬಂತು, ಅವನ ಡಬ್ಬಿಯೂ ಬಂದಿತ್ತು, ಒಳಗೆ ಇನ್ಯಾರಿಗೋ ಅವರ ಅತ್ತಿ ಕಳಿಸಿದ ಬೆಣ್ಣೆ. ಅವನ ರೊಟ್ಟಿ ಬೇರೆ ಯಾವುದೋ ಡಬ್ಬಿಯಲ್ಲಿ ಯಂತ್ರದ ಮುಂದೆ ಸುಮ್ಮನೆ ಕೂತಿತ್ತು. ಯಂತ್ರದ ತಪ್ಪು ಎಂದು ಎರಡು ಸಲ ಬಿಚ್ಚಿ ಕಟ್ಟಿದರು. ಭಾನುವಾರ ಮೂವರೂ ನಮ್ಮ ಮನೆಯ ಕಟ್ಟೆಗೆ ಬಂದು ಮುಖ ಸಣ್ಣ ಮಾಡಿಕೊಂಡು ಕೂತರು. ನಾನು ಚಹಾ ಕೊಟ್ಟೆ.

ತಂಗಿ ಕೇಳಿದಳು, "ನಿಮ್ಮವ್ವನ ಡಬ್ಬಿ ನಿಮ್ಮನ್ಯಾಗ ನಿಂದರತೈತೇನೊ ಬಾಗೇವಾಡಿ?"

"ಎಲ್ಲಿ ನಿಂದರತೈತ್ರಿ ಮೇಡಂ? ನಮ್ಮನಿ ಡಬ್ಬಿ ಅಂದ್ರ ಇಡೀ ಓಣಿದು. ಇವತ್ತ ಶೇಂಗಾ ಹಿಂಡಿ ತಗೊಂಡ ಹೋಗಿರ್ತೈತಿ, ಮುಂದಿನ ವಾರ ಹುಗ್ಗಿ ತಗೊಂಡ ಬರ್ತೈತಿ."

"ಹಂಗಾರ ಡಬ್ಬಿಗೆ ಯಾಕ ಹೆಸರಿಟ್ರಿ? ಉಣ್ಣಾವ್ರಿಗೆ ಇಡಬೇಕಿತ್ತಲ್ಲ?"

ಮೂವರೂ ಹುಟ್ಟಿದಾಗಿನಿಂದ ಡಬ್ಬಿಗಳು ಮನೆಯಿಂದ ಮನೆಗೆ ತಿರುಗುವುದನ್ನು ನೋಡಿಯೇ ಬೆಳೆದವರು, ಯಂತ್ರದ ಮುಂದೆ ಕೂತಾಗ ಅದನ್ನೇ ಮರೆತಿದ್ದರು. ತಂಗಿ ಜೋರಾಗಿ ನಕ್ಕಳು. "ನನ್ನ ಕಡೆ ಯಾಕ ನೋಡ್ತೀರಿ? ನಾನೂ ಅದಽ ನೀರ ಕುಡದ ಬೆಳದಾಕಿ, ನನಗೂ ಹೊಳದಿಲ್ಲ. ಕಂಪ್ಯೂಟರಿನ್ಯಾಗೂ ಹಿಂಗಽ ಐತಿ, ಪೆಟ್ಟಿಗಿ ಗುರುತಽ ಬ್ಯಾರೆ, ಇರೂ ಜಾಗಾದ ಗುರುತಽ ಬ್ಯಾರೆ. ಪುಸ್ತಕದಾಗ ಓದಿದ್ರ ಪರೀಕ್ಷಾ ತನಕಾ ನೆನಪಿರ್ತಿತ್ತು. ಇನ್ನ ಸಾಯೂ ತನಕಾ ಮರಿಯಂಗಿಲ್ಲ ನೀವು."

ಬಿಲ್ಲೆ ಡಬ್ಬಿಯ ಜೊತೆ ಅಲ್ಲ, ದಿನದಿನದ ಗಂಟಿನ ಜೊತೆ ಹೋಗಬೇಕು ಎಂದಾಯಿತು. ಅವ್ವ ಬೆಳಿಗ್ಗೆ ಗಂಟಿಗೆ ಕಟ್ಟಬೇಕು, ಮಗಳು ಸಂಜೆ ಬಿಚ್ಚಿ ಮರಳಿ ಕಳಿಸಬೇಕು. ಬಿಲ್ಲೆ ಹಾಕಲು ಒಂದು ಸಣ್ಣ ಚೀಲ ಬೇಕು. ತಂಗಿ ನನ್ನ ಕಡೆ ತಿರುಗಿದಳು. ನನ್ನ ಹತ್ತಿರ ಕುಪ್ಪಸ ಹೊಲಿದು ಉಳಿದ ಖಣದ ಚೂರುಗಳು ಇರುತ್ತವೆ. ಮೊದಲನೆಯದನ್ನು ತಂಗಿಯ ಹಸಿರು ಖಣದ ಚೂರಿನಿಂದಲೇ ಹೊಲಿದೆ, ಬಾಯಿಗೆ ಒಂದು ಲಾಡಿ ಪೋಣಿಸಿದೆ. ಅದನ್ನು ಪರೀಕ್ಷೆ ಮಾಡಲು ಯಾರದಾದರೂ ನಂಬರು ಬೇಕಿತ್ತು, ತಂಗಿ ನನ್ನ ನಂಬರು ಹಾಕಿದಳು. ಸಂದೇಶ ಏನಿರಬೇಕು ಎಂದು ಮಕ್ಕಳು ಇಂಗ್ಲಿಷಿನಲ್ಲಿ ಏನೋ ಉದ್ದ ಬರೆದಿದ್ದರು. ಅವಳು ಅಳಿಸಲು ಹೇಳಿ, ಊಟ ತಣ್ಣಗಾಗುವ ಮೊದಲೇ ಬಾ ಎಂದು ತಾನು ನುಡಿದದ್ದನ್ನು ಹಾಗೇ ಬರೆಸಿದಳು. ನನ್ನ ಫೋನು ಸದ್ದು ಮಾಡಿತು. "ಬುತ್ತಿ ಬಂದೈತಿ. ಆರೂದ್ರಾಗ ಬಾ."

ಮುಂದೆ ಇಂಡಿಗೆ ಕೆಂಪು, ಬಾಗೇವಾಡಿಗೆ ಹಳದಿ, ಉಳಿದ ಮಕ್ಕಳಿಗೆಲ್ಲ ಸಿಕ್ಕ ಸಿಕ್ಕ ಬಣ್ಣ. ನನ್ನ ನಂಬರಿದ್ದ ಹಸಿರು ಚೀಲ ಮುದ್ದೇಬಿಹಾಳದ ಹುಡುಗಿಯ ಹತ್ತಿರ ಪರೀಕ್ಷೆಗೆಂದೇ ಉಳಿಯಿತು.

ಆಗಲೇ ಅವಳಿಗೆ ಮೈಯಲ್ಲಿ ಸರಿ ಇರಲಿಲ್ಲ. ಏಣಿಯ ಕೆಳಗೆ ನಿಂತಾಗ ಕಣ್ಣು ಕತ್ತಲೆ ಬರುತ್ತಿದೆ ಎಂದು ಕುರ್ಚಿ ತರಿಸಿಕೊಂಡಿದ್ದಳಂತೆ. ವಿಜಯಪುರದ ಆಸ್ಪತ್ರೆಯಲ್ಲಿ ರಕ್ತದ ಕಾಯಿಲೆ ಎಂದರು, ತಡವಾಗಿದೆ ಎಂದರು. ಕೆಲವು ವಾರ ಅಲ್ಲಿದ್ದು, ಇನ್ನು ಮನೆಯಲ್ಲೇ ಇರಲಿ ಎಂದಮೇಲೆ ಕರೆದುಕೊಂಡು ಬಂದೆ. ಆ ದಿನಗಳ ಬಗ್ಗೆ ನಾನು ಹೆಚ್ಚು ಬರೆಯಲಾರೆ.

ಮಕ್ಕಳು ಮಾತ್ರ ಬರುತ್ತಲೇ ಇದ್ದರು. ಲೈಟು ಹೋದಾಗ ಯಂತ್ರ ನಿಲ್ಲುತ್ತಿತ್ತು. ಅದಕ್ಕೆ ಎರಡೂ ಕಡೆ, ಅಂಗಡಿಯಲ್ಲೂ ಕಾಲೇಜಿನಲ್ಲೂ, ಹಳೆಯ ಬ್ಯಾಟರಿ ಜೋಡಿಸುವ ಕೆಲಸವನ್ನು ಅವರು ಅವಳ ಹಾಸಿಗೆಯ ಪಕ್ಕದಲ್ಲೇ ನೆಲದ ಮೇಲೆ ಹರಡಿಕೊಂಡು ಮಾಡಿದರು. ಬಾಗೇವಾಡಿ ಹುಡುಗ ಒಂದು ತಂತಿಯನ್ನು ತಿರುವು ಮುರುವು ಹಚ್ಚುತ್ತಿದ್ದ. ಅವಳು ನೋಡಿದಳು, ಹೇಳಲಿಲ್ಲ. ಕೈ ಹಿಂದೆ ಕಟ್ಟಲು ಬಲವಿರಲಿಲ್ಲ, ಕೌದಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅವನೇ ತಡೆದು, ಮತ್ತೊಮ್ಮೆ ನೋಡಿ, ಬಿಚ್ಚಿ ಸರಿಯಾಗಿ ಹಚ್ಚಿದಾಗ ಕೌದಿ ಬಿಟ್ಟಳು.

ಅವತ್ತೇ ದಿನ ಗೊತ್ತು ಮಾಡಿದಳು. "ಬರೂ ಸೋಮವಾರ. ನಾ ಬರಂಗಿಲ್ಲ."

"ನೀವು ಹೆಂಗೂ ಬರಂಗಿಲ್ಲಲ್ರಿ ಮೇಡಂ" ಎಂದ ಬಾಗೇವಾಡಿ ಹುಡುಗ. ಇಂಡಿ ಹುಡುಗಿ ಅವನ ಬೆನ್ನಿಗೆ ಗುದ್ದಿದಳು. ತಂಗಿ ನಕ್ಕಳು.

"ಅದಕ್ಕಽ ಈ ಸಲ ನೀವೂ ಹೋಗಬ್ಯಾಡ್ರಿ. ಅಂಗಡಿ ಹಂತ್ಯಾಕೂ ಹೋಗಬ್ಯಾಡ್ರಿ, ಲ್ಯಾಬಿಗೂ ಹೋಗಬ್ಯಾಡ್ರಿ. ಯಾರೂ ಇಲ್ಲದ ನಡೀಲಿ."

ಅವಳು ಶನಿವಾರ ಹೋದಳು. ಭಾನುವಾರ ಮಣ್ಣು ಮಾಡಿ ಬಂದೆವು.

ಇಂಡಿ ಕಡೆಯಿಂದ ಬಂದವರು ಸಂಜೆಯ ಬಸ್ಸಿಗೆ ಹೋದರು, ಚಿಗವ್ವ ಒಬ್ಬಳು ನನ್ನ ಜೊತೆ ಉಳಿದಳು. ಕಾಲೇಜಿನವರು ಬಂದಿದ್ದರು. ತಂಗಿಯ ಜಾಗಕ್ಕೆ ಹಾಕಿದ್ದ ಹೊಸ ಸರ್ ಒಳ್ಳೆಯವರು, ಕಣ್ಣಲ್ಲಿ ನೀರು ತಂದುಕೊಂಡಿದ್ದರು. ಹೋಗುವಾಗ ಅಂಗಳದಲ್ಲಿ ನಿಂತಿದ್ದ ಮೂವರು ಮಕ್ಕಳಿಗೆ ಹೇಳಿದರು, "ಪ್ರಾಜೆಕ್ಟಿನ ಚಿಂತಿ ಮಾಡಬ್ಯಾಡ್ರಿ. ತಯಾರ ಇದ್ದದ್ದು ಒಂದ ತಂದಕೊಡ್ರಿ, ನಾ ಸಹಿ ಹಾಕ್ತೇನಿ. ಆ ಅಂಗಡ್ಯಾಗಿನ ಮಶಿನ್ ಮಂಗಳವಾರ ಬಿಚ್ಚಿಸಿ ಬಿಡೂಣು. ಮೇಡಂ ಇದ್ದಾಗಿನ ಮಾತ ಬ್ಯಾರೆ." ಮಕ್ಕಳ ಮೇಲಿನ ಕಾಳಜಿಯಿಂದಲೇ ಅಂದದ್ದು. ಮಕ್ಕಳು ತಲೆ ತಗ್ಗಿಸಿ ನಿಂತರು. ಕಾಲೇಜಿಗೆ ರಜೆ ಕೊಟ್ಟಿದ್ದರಿಂದ ಅವರೂ ತಮ್ಮ ತಮ್ಮ ಊರಿಗೆ ಹೋದರು.

ನಾನು ಬಾಗಿಲಲ್ಲಿ ಕೂತು ಆ ಮಾತನ್ನೇ ನೆನೆಯುತ್ತಿದ್ದೆ. ಮಂಗಳವಾರ ಬಿಚ್ಚಿದರೆ ಯಂತ್ರವೊಂದೇ ಹೋಗುವುದಿಲ್ಲ. ಅವಳು ಇಷ್ಟು ವರ್ಷ ಬೆನ್ನ ಹಿಂದೆ ಕೈ ಕಟ್ಟಿಕೊಂಡು ನಿಂತದ್ದೂ ಹೋಗುತ್ತದೆ, ಮುಂದಿನ ವರ್ಷದಿಂದ ಬಂಗಾರದ ಅಕ್ಷರದ ರಟ್ಟುಗಳು ಬರುತ್ತವೆ. ನನ್ನ ಕೈಯಲ್ಲಿ ಏನೂ ಇರಲಿಲ್ಲ. ಮಕ್ಕಳು ಕೂಡ ಊರಲ್ಲಿರಲಿಲ್ಲ.

ಸೋಮವಾರ ಬೆಳಿಗ್ಗೆ ಲೈಟು ಇರಲಿಲ್ಲ. ಒಲೆ ಹಚ್ಚುವ ಹಾಗಿರಲಿಲ್ಲ, ಸತ್ತವರ ಮನೆಯಲ್ಲಿ ಹಚ್ಚುವುದಿಲ್ಲ. ಓಣಿಯವರು ಕೊಟ್ಟ ಚಹಾ ಆರುತ್ತಿತ್ತು. ಫ್ಯಾನು ನಿಂತು ಸೆಕೆ ಏರುತ್ತಿತ್ತು. ಆಗ ಗೋಡೆಯ ಮಾಡಿನಲ್ಲಿದ್ದ ನನ್ನ ಫೋನು ಸದ್ದು ಮಾಡಿತು. ಮತ್ತೊಬ್ಬರ ಸಾಂತ್ವನ ಇರಬೇಕೆಂದು ತೆಗೆದು ನೋಡಿದೆ.

"ಬುತ್ತಿ ಬಂದೈತಿ. ಆರೂದ್ರಾಗ ಬಾ."

ಮತ್ತೆ ಓದಿದೆ. ಅವಳದೇ ಮಾತು, ಅವಳು ಹೇಳಿ ಬರೆಸಿದ್ದು. ಎದ್ದು ಸೆರಗು ಹೊದ್ದುಕೊಂಡೆ. ಚಿಗವ್ವ ಗಾಬರಿಯಾದಳು. "ಎಲ್ಲಿ ಹೊಂಟಿ? ಸೂತಕದ ದಿನಾ ಮುಗಿಯೂ ತನಕಾ ಹೊಸಲಿ ದಾಟಬಾರದವ್ವಾ."

"ಬುತ್ತಿ ಬಂದೈತಂತ ಚಿಗವ್ವಾ, ತರ್ತೇನಿ" ಎಂದೆ. ಅವಳು ನನ್ನ ಮುಖ ನೋಡಿ ಬಾಗಿಲು ಬಿಟ್ಟು ಸರಿದಳು. ಬುದ್ಧಿ ಕೆಟ್ಟಿದೆ ಎಂದುಕೊಂಡಳೋ ಏನೋ.

ಬಸ್‌ಸ್ಟ್ಯಾಂಡಿನಲ್ಲೂ ಲೈಟು ಇರಲಿಲ್ಲ. ಚಾಚಾನ ಅಂಗಡಿಯ ಮೂಲೆಯಲ್ಲಿ ಯಂತ್ರದ ಸಣ್ಣ ಹಸಿರು ದೀಪ ಮಾತ್ರ ಉರಿಯುತ್ತಿತ್ತು. ಮುದ್ದೇಬಿಹಾಳದ ಬಸ್ಸಿನಿಂದ ಇಳಿದ ದೊಡ್ಡ ಗಂಟಿಗೆ ನನ್ನ ಹಸಿರು ಖಣದ ಚೀಲ ಕಟ್ಟಿತ್ತು.

ಚಾಚಾ ಎದ್ದು ನಿಂತ. "ಯಾರೂ ಇಲ್ಲ ತಂಗೆವ್ವ. ಹುಡುಗೂರೂ ಇಲ್ಲ, ಕಾಲೇಜಿಗೂ ಕೀಲಿ. ಕಂಡಕ್ಟರ ಕೊಟ್ಟ, ನಾ ಹಿಡದೆ, ಪೀಂ ಅಂತು. ನೀ ಬಂದಿ. ನಿನಗ್ಯಾರ ಹೇಳಿದ್ರು?" ಎಂದ.

ಫೋನು ತೋರಿಸಿದೆ. ಅವನಿಗೆ ಕನ್ನಡ ಓದಲು ಬರುತ್ತದೆ. ಓದಿ ಕನ್ನಡಕ ತೆಗೆದು ಒರೆಸಿಕೊಂಡ. ನಾವು ಹಾಗೇ ನಿಂತಿರುವಾಗ ಇಂಡಿಯ ಬಸ್ಸು ಬಂತು, ಕೆಂಪು ಚೀಲದ ಗಂಟು ಇಳಿಯಿತು. ಕಂಡಕ್ಟರ್, "ಇದು ಮೇಡಂರ ಮನೀಗಂತ್ರಿ" ಎಂದ. ಚಾಚಾ ಅದನ್ನೂ ಯಂತ್ರಕ್ಕೆ ಹಿಡಿದ. ಬಾಗೇವಾಡಿಯದಕ್ಕೆ ಸ್ವಲ್ಪ ಹೊತ್ತು ಕಾಯಬೇಕಾಯಿತು, ಅದು ಹಿಪ್ಪರಗಿಯಲ್ಲಿ ಬಸ್ಸು ಬದಲಿಸಿ ಬರಬೇಕಲ್ಲ. ಹಳದಿ ಚೀಲವೂ ಬಂತು. ಕೆಂಪು, ಹಳದಿ ಚೀಲಗಳು ಪೀಂ ಎಂದಾಗ ಅತ್ತ ಊರಿನಲ್ಲಿದ್ದ ಆ ಇಬ್ಬರ ಫೋನುಗಳೂ ಸದ್ದು ಮಾಡುತ್ತಿದ್ದವು ಎಂದು ಆಮೇಲೆ ತಿಳಿಯಿತು. ಅವಳು ಹೇಳಿದಂತೆ ಮೂವರಲ್ಲಿ ಯಾರೂ ಹತ್ತಿರ ಬರಲಿಲ್ಲ. ತಮ್ಮ ತಮ್ಮ ಮನೆಯಲ್ಲಿ ಕೂತು ಕಾದರು.

ಮನೆಗೆ ತಂದು ಬಿಚ್ಚಿದೆ. ಮುದ್ದೇಬಿಹಾಳದ ಗಂಟಿನಲ್ಲಿ ಬರೀ ರೊಟ್ಟಿ. ಇಂಡಿಯದರಲ್ಲಿ ಬರೀ ಪಲ್ಯ, ಹೆಸರುಕಾಳಿನದೊಂದು, ಪುಂಡಿ ಸೊಪ್ಪಿನದೊಂದು. ಬಾಗೇವಾಡಿಯದರಲ್ಲಿ ಶೇಂಗಾ ಹಿಂಡಿಯ ಚಟ್ನಿ, ಮೊಸರು.

ಚಿಗವ್ವ ನೋಡಿ, "ಎಂಥಾ ಮಂದಿ ಬೇ ಇವರು, ಒಬ್ಬರೂ ಪೂರಾ ಊಟಾ ಕಳಿಸಿಲ್ಲ!" ಎಂದಳು.

ನನಗೆ ನಗು ಬಂತು, ಆಮೇಲೆ ಅಳು. ಅವಳು ಹೋದಮೇಲೆ ಮೊದಲ ಸಲ ಜೋರಾಗಿ ಅತ್ತೆ. ಮೂರನ್ನೂ ಒಂದು ತಾಟಿನಲ್ಲಿ ಕೂಡಿಸಿಕೊಂಡು ಚಿಗವ್ವನೂ ನಾನೂ ಉಂಡೆವು. ಪಲ್ಯ ಇನ್ನೂ ಬೆಚ್ಚಗಿತ್ತು.

ಮಂಗಳವಾರ ಸರ್ ಯಂತ್ರ ಬಿಚ್ಚಿಸಲು ಅಂಗಡಿಗೆ ಹೋದಾಗ ಮೂವರೂ ಮಕ್ಕಳು ಅಲ್ಲಿದ್ದರಂತೆ. ಮುದ್ದೇಬಿಹಾಳದ ಹುಡುಗಿ ಹೆಚ್ಚು ಮಾತಾಡಿಲ್ಲ. "ನಿನ್ನೆ ನಾವ್ಯಾರೂ ಇದ್ದಿಲ್ರಿ ಸರ್. ಲೈಟೂ ಇದ್ದಿಲ್ಲ. ನಡದೈತ್ರಿ" ಎಂದಳಂತೆ. ಸರ್ ಬಹಳ ಹೊತ್ತು ಯಂತ್ರ ನೋಡಿದರು, ಮೇಲೆ ಆಂಟೆನಾ ನೋಡಿದರು, ಬ್ಯಾಟರಿಗೆ ಹಚ್ಚಿದ ತಂತಿ ಯಾರು ಹಚ್ಚಿದ್ದು ಎಂದು ಕೇಳಿದರು. ಕೊನೆಗೆ, "ಮುಂದಿನ ವರ್ಷದವರಿಗೆ ನನಗೂ ಹಿಂಗ ಹೇಳಿಕೊಡಾಕ ಬರ್ತೈತೋ ಇಲ್ಲೋ, ನೀವು ಆಗಾಗ ಬಂದ ಹೇಳ್ರಿ" ಎಂದು ಬರಿಗೈಲಿ ತಿರುಗಿ ಹೋದರು. ಪ್ರಾಜೆಕ್ಟಿಗೆ ಅವರೇ ಸಹಿ ಹಾಕಿದರು. ಯಂತ್ರ ಇನ್ನೂ ಅಲ್ಲೇ ಇದೆ.

ಆದರೆ ಸೋಮವಾರ ಸಂಜೆಯ ಮಾತು ಹೇಳಿ ಮುಗಿಸುತ್ತೇನೆ. ಡಬ್ಬಿಗಳನ್ನು ತೊಳೆದು ಒರೆಸಿ ಇಟ್ಟಿದ್ದೆ. ಸಂಜೆ ಬಸ್ಸಿಗೆ ಕಳಿಸಬೇಕು, ಚೀಲಗಳೂ ಮರಳಿ ಹೋಗಬೇಕು. ಬರೀ ಡಬ್ಬಿ ಕಳಿಸುವ ಹಾಗಿಲ್ಲ. ಸಕ್ಕರೆಯ ಡಬ್ಬಿಗೆ ಕೈ ಹಾಕಿದೆ, ಚಿಗವ್ವ ಕೈ ಹಿಡಿದಳು. "ಸೂತಕದ ಮನೀದು ತಿನ್ನೂದು ಏನೂ ಹೊರಗ ಕೊಡಬಾರದವ್ವಾ." ಅವಳು ಹೇಳಿದ್ದೂ ಸರಿ. ಡಬ್ಬಿ ಬರಿದು ಕಳಿಸಬಾರದು, ತಿನ್ನುವುದು ಹಾಕಬಾರದು. ಆಮೇಲೆ ಎದ್ದು ಅಟ್ಟದ ಮೇಲಿನ ಬಿಸ್ಕೀಟಿನ ಡಬ್ಬಿ ಇಳಿಸಿದೆ.

ಮುದ್ದೇಬಿಹಾಳಕ್ಕೆ ಹಸಿರು ತಂತಿಯ ಉಂಗುರ, ಇಂಡಿಗೆ ಕಿತ್ತಳೆ, ಬಾಗೇವಾಡಿಗೆ ನೀಲಿ. ಮುಚ್ಚಳ ಹಾಕಿ, ಅರಿವೆಯಲ್ಲಿ ಕಟ್ಟಿ, ಅವರವರ ಚೀಲ ಗಂಟಿಗೆ ಬಿಗಿದು ಅಂಗಡಿಗೆ ತೆಗೆದುಕೊಂಡು ಹೋದೆ. ಚಾಚಾ ಗಂಟುಗಳನ್ನು ಕೈಯಲ್ಲಿ ತೂಗಿ ನೋಡಿದ. ಹಗುರಾಗಿದ್ದವು. ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.

"ಏನೋ ಐತಿ ಒಳಗ" ಎಂದ.

"ಹೌದ್ರಿ ಚಾಚಾ, ಐತಿ" ಎಂದೆ.